ಮೊದಲು ಆಕಳು, ಆಮೇಲೆ ಮನೆಮಂದಿ: ಉಪ್ಪುನೀರಿನ ಮೀನುಗಳ ಮನೆ ಬದಲಿಗೆ ಹತ್ತು ಸೂತ್ರ

ಕೆರೂರಿನವರು ಸಮುದ್ರ ನೋಡಬೇಕೆಂದರೆ ಹುಬ್ಬಳ್ಳಿ ದಾಟಿ ಘಟ್ಟ ಇಳಿಯಬೇಕು. ಅಂಥ ಊರಿನ ಪಡಸಾಲೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಸಾಕುವುದೇ ಒಂದು ಸಾಹಸ. ಚಿಕ್ಕ ಟ್ಯಾಂಕಿನ ಸಂಸಾರವನ್ನು ದೊಡ್ಡ ಟ್ಯಾಂಕಿಗೆ ಸಾಗಿಸುವುದು ಇನ್ನೂ ದೊಡ್ಡ ಸಾಹಸ.

ಗೃಹಪ್ರವೇಶದ ದಿನ ಹೊಸ ಮನೆಗೆ ಮೊದಲು ಆಕಳು ಹೋಗುತ್ತದೆ, ಆಮೇಲೆ ಮನೆಮಂದಿ. ಇಲ್ಲಿಯೂ ಅದೇ ಕ್ರಮ. ಇಲ್ಲಿನ ಆಕಳು ಎಂದರೆ ಲೈವ್ ರಾಕ್, ಹೆಚ್ಚಾಗಿ ಹಳೆಯ ಹವಳದಿಂದಾದ ಕಲ್ಲು. ಅದರ ಸಣ್ಣ ಸಣ್ಣ ತೂತುಗಳಲ್ಲಿ ಬೀಡುಬಿಟ್ಟ ಬ್ಯಾಕ್ಟೀರಿಯಾಗಳು ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾ ಎಂಬ ವಿಷವನ್ನು ನೈಟ್ರೈಟ್ ಮಾಡಿ, ಕೊನೆಗೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಕಲ್ಲು ಸುಖವಾಗಿ ದಾಟಿದರೆ ಮೀನು ದಾಟಿದ ಹಾಗೆಯೇ.

1. ಮೊದಲು ಭಾರ ಲೆಕ್ಕ ಹಾಕಿ.
4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕಿಗೆ ಸುಮಾರು 450 ಲೀಟರ್ ನೀರು ಹಿಡಿಯುತ್ತದೆ. ಉಪ್ಪುನೀರು ಸಿಹಿನೀರಿಗಿಂತ ಭಾರ, ನೀರೊಂದೇ 460 ಕೆಜಿ ದಾಟುತ್ತದೆ. ಗಾಜು, ಕಲ್ಲು, ಸ್ಟ್ಯಾಂಡ್ ಕೂಡಿದರೆ ಆರು ಕ್ವಿಂಟಲ್‌ಗೆ ಮೋಸವಿಲ್ಲ. ಮಾಳಿಗೆ ಮೇಲೆ ಬೇಡ, ಕೆಳಗಿನ ಪರಸಿ ನೆಲವೇ ಲೇಸು. ರಸಮಟ್ಟ ಇಟ್ಟು ನೋಡಿ. ಒಂದು ಮೂಲೆ ತಗ್ಗಿದ್ದರೂ ಗಾಜಿನ ಬೆಸುಗೆ ಬಿಡಬಹುದು.

2. ಬೇಸಿಗೆಯಲ್ಲಿ ಕೈ ಹಾಕಬೇಡಿ.
ಈ ಮೀನುಗಳಿಗೆ 25ರಿಂದ 27 ಡಿಗ್ರಿ ನೀರು ಬೇಕು. ನಮ್ಮ ಏಪ್ರಿಲ್, ಮೇ ತಿಂಗಳು 40 ಮುಟ್ಟುತ್ತವೆ. ದೀಪಾವಳಿಯಿಂದ ಸಂಕ್ರಾಂತಿಯ ತನಕ ಒಳ್ಳೆಯ ಕಾಲ, ರಾತ್ರಿಯ ಚಳಿಗೆ ಹೀಟರ್ ಇದ್ದರಾಯಿತು. ಮುಂದಿನ ಬೇಸಿಗೆಗೆ ನೀರಿನ ಮೇಲೆ ಗಾಳಿ ಬೀಸುವಂತೆ ಚಿಕ್ಕ ಫ್ಯಾನ್ ಕಟ್ಟಿ. ಹರವಿಯ ನೀರು ತಣ್ಣಗಾಗುವ ಗುಟ್ಟೇ ಇದರದೂ. ಕರಾವಳಿಯ ತೇವದ ಗಾಳಿಗಿಂತ ನಮ್ಮ ಒಣ ಗಾಳಿಯಲ್ಲಿ ಇದರ ಫಲ ಹೆಚ್ಚು. ಆದರೆ ಆರಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲಿಯೇ ಉಳಿಯುತ್ತದೆ. ಕಡಿಮೆಯಾದಷ್ಟಕ್ಕೂ ಉಪ್ಪಿಲ್ಲದ ಶುದ್ಧ ನೀರನ್ನೇ ಸುರಿಯಿರಿ.

3. ನೀರನ್ನು ಮುಂಚಿತವಾಗಿ ಸಿದ್ಧಪಡಿಸಿ.
ಬೋರ್‌ವೆಲ್ಲಿನ ಗಡಸು ನೀರು ನಡೆಯುವುದಿಲ್ಲ. ಮನೆಯ ಆರ್‌ಒ ಗಂಟೆಗೆ 12 ಲೀಟರ್ ಕೊಟ್ಟರೂ 450 ಲೀಟರಿಗೆ ಒಂದೂವರೆ ದಿನಕ್ಕಿಂತ ಹೆಚ್ಚು ಬೇಕು. ಶುದ್ಧ ನೀರಿನ ಘಟಕದಿಂದ ತಂದರೆ 20 ಲೀಟರಿನ 23 ಕ್ಯಾನ್. ಆದರೆ ಕುಡಿಯಲು ಸರಿ ಇದ್ದ ನೀರೆಲ್ಲ ಮೀನಿಗೆ ಸರಿ ಇರುವುದಿಲ್ಲ. ಟಿಡಿಎಸ್ ಮೀಟರ್ ಸೊನ್ನೆಯ ಹತ್ತಿರ ತೋರಿಸಬೇಕು. ಲೀಟರಿಗೆ ಸುಮಾರು 35 ಗ್ರಾಂನಂತೆ ಒಟ್ಟು 16 ಕೆಜಿ ಅಕ್ವೇರಿಯಂ ಉಪ್ಪು ಹಿಡಿಯುತ್ತದೆ, ಅಡುಗೆ ಉಪ್ಪು ಖಂಡಿತ ಬೇಡ. ನೀರಿಗೆ ಉಪ್ಪು ಹಾಕಿ, ಉಪ್ಪಿನ ಮೇಲೆ ನೀರು ಸುರಿಯಬೇಡಿ. ಪಂಪ್ ಹಚ್ಚಿ ಒಂದು ದಿನ ತಿರುಗಲು ಬಿಡಿ. ಸಾಂದ್ರತೆ 1.025ರ ಆಸುಪಾಸು ಬಂದರೆ ಸಿದ್ಧ. ಇನ್ನೂ 50 ಲೀಟರ್ ಡ್ರಮ್ಮಿನಲ್ಲಿ ತೆಗೆದಿಡಿ, ಆಪತ್ತಿಗೆ ಬೇಕು.

4. ಇದ್ದ ಕಲ್ಲೇ ಬಂಗಾರ.
ಹೆಚ್ಚಿನ ಕಲ್ಲಿಗಾಗಿ ಕಡಲಿಗೆ ಇಳಿಯುವ ಯೋಚನೆ ಬಿಡಿ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳ ಇದೆ ನಿಜ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ 2001ರಲ್ಲೇ ಹವಳಗಳೂ ಕಡಲ್ಗುದುರೆಗಳೂ ಸೇರಿವೆ. ಹುಲಿಗೆ ಇರುವ ರಕ್ಷಣೆಯೇ ಹವಳಕ್ಕೂ ಇದೆ. ಅಕ್ವೇರಿಯಂಗೆಂದೇ ತಯಾರಿಸಿದ ಕೃತಕ ಕಲ್ಲು ತಂದು ಹಳೆಯದರ ಪಕ್ಕ ಇಡಿ. ಹೆಪ್ಪಿಗೆ ಒಂದು ಚಮಚ ಮೊಸರು ಸಾಕಲ್ಲ, ಹಾಗೆ ಕೆಲವು ವಾರಗಳಲ್ಲಿ ಅದೂ ಲೈವ್ ರಾಕ್ ಆಗುತ್ತದೆ.

5. ಊರ ಕಲ್ಲು ಊರಿಗಿರಲಿ.
ಇಳಕಲ್ಲಿನ ಗ್ರಾನೈಟ್ ನೆಲಕ್ಕೆ ಚೆಂದ, ಟ್ಯಾಂಕಿಗೆ ಬರೀ ಭಾರ. ಅದರೊಳಗೆ ಬ್ಯಾಕ್ಟೀರಿಯಾ ಕೂರಲು ಜಾಗವಿಲ್ಲ. ಬಾದಾಮಿಯ ಕಲ್ಲಿಗೆ ಕೆಂಪು ಬಂದದ್ದೇ ಕಬ್ಬಿಣದ ಅಂಶದಿಂದ. ಅದನ್ನು ಉಪ್ಪುನೀರಿನಲ್ಲಿ ಮುಳುಗಿಸಿ ಪರೀಕ್ಷೆ ಮಾಡಲು ಹೋಗಬೇಡಿ.

6. ಹಳೆ ಮರಳು ಬಿಡಿ, ಹಳೆ ನೀರಿನ ಮೋಹವನ್ನೂ ಬಿಡಿ.
ವರ್ಷಗಟ್ಟಲೆ ಕೂತ ಮರಳನ್ನು ಕದಡಿದರೆ ತಳದ ಹೊಲಸೂ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲವೂ ಮೇಲೇಳುತ್ತವೆ. ಹೊಸ ಮರಳು ಹಾಕಿ, ಹಳೆಯದರ ಮೇಲ್ಪದರದ ಒಂದೆರಡು ಬಟ್ಟಲು ಸೇರಿಸಿದರೆ ಸಾಕು. ಹಳೆ ನೀರಿನಲ್ಲೇ ಬ್ಯಾಕ್ಟೀರಿಯಾ ಇದೆ ಎಂದು ಹನಿ ಚೆಲ್ಲದೆ ಹೊರುವವರಿದ್ದಾರೆ. ಅವು ಇರುವುದು ಕಲ್ಲಿಗೆ, ಮರಳಿಗೆ, ಫಿಲ್ಟರಿಗೆ ಅಂಟಿಕೊಂಡು. ಮೇಲಿನ ತಿಳಿ ನೀರು ಮೀನು, ಕಲ್ಲು ಸಾಗಿಸಲು ಬಳಸಿ, ತಳದ ಬಗ್ಗಡ ಚೆಲ್ಲಿ.

7. ಕಲ್ಲು ಮೊದಲು ದಾಟಲಿ.
ಹಳೆ ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿಯೇ ಒಯ್ಯಿರಿ. ಗಾಳಿಗೆ ಒಣಗಿದರೆ ಅದರ ಮೇಲಿನ ಜೀವಿಗಳು ಸತ್ತು ಕೊಳೆತು, ವಿಷ ಕಳೆಯಬೇಕಾದ ಕಲ್ಲೇ ವಿಷ ಬಿಡುತ್ತದೆ. ಹೊಸ ಟ್ಯಾಂಕಿನಲ್ಲಿ ಮರಳು ಹರಡುವ ಮೊದಲೇ ಕಲ್ಲನ್ನು ತಳಕ್ಕೆ ಊರಿ ನಿಲ್ಲಿಸಿ. ಮರಳ ಮೇಲೆ ನಿಲ್ಲಿಸಿದರೆ, ಬುಡ ಕೆದರುವ ಮೀನೊಂದು ಸಾಕು, ಗುಡ್ಡೆ ಉರುಳಿ ಗಾಜು ಒಡೆಯಲು.

8. ಮೀನು ಕೊನೆಗೆ ಹಿಡಿಯಿರಿ.
ಕಲ್ಲಿದ್ದಾಗ ಮೀನಿನ ಬೆನ್ನು ಹತ್ತುವುದು ಕಣದಲ್ಲಿ ಇಲಿ ಹಿಡಿದಂತೆ. ಕಲ್ಲು ತೆಗೆದು, ನೀರು ಗೇಣುದ್ದಕ್ಕೆ ಇಳಿಸಿದರೆ ತಾನಾಗಿ ಕೈಗೆ ಬರುತ್ತದೆ. ಬಲೆಗಿಂತ ಪ್ಲಾಸ್ಟಿಕ್ ಡಬ್ಬಿ ಮೇಲು. ಟ್ಯಾಂಗ್ ಮೀನಿನ ಬಾಲದ ಬುಡದಲ್ಲಿ ಚೂರಿಯಂಥ ಮುಳ್ಳಿದೆ, ಬಲೆಗೆ ಸಿಕ್ಕಿಕೊಂಡರೆ ಮೀನಿಗೂ ನೋವು, ನಿಮ್ಮ ಬೆರಳಿಗೂ ಗಾಯ. ಹಿಂದಿನ ದಿನದಿಂದ ಆಹಾರ ನಿಲ್ಲಿಸಿ. ಬ್ಯಾಟರಿಯ ಏರ್ ಪಂಪ್ ಕೈಯಲ್ಲಿರಲಿ, ಕರೆಂಟ್ ಯಾರ ಮಾತೂ ಕೇಳುವುದಿಲ್ಲ.

9. ಕೊಂಡಿ ಹಾಕಿ, ಕತ್ತರಿಸಬೇಡಿ.
ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಮೀನಿಗೂ ಹಳೆ ನೀರಿನಿಂದ ಹೊಸ ನೀರಿಗೆ ಅಂಥ ಕೊಂಡಿ ಬೇಕು. ಎರಡೂ ನೀರಿನ ಉಪ್ಪು ಸಮವಾಗಿದ್ದರೆ 20 ನಿಮಿಷ ತಾಪ ಹೊಂದಿಸಿದರೆ ಸಾಕು. ಹೆಚ್ಚುಕಡಿಮೆ ಇದ್ದರೆ ಸಣ್ಣ ಪೈಪಿನಲ್ಲಿ ಹನಿಹನಿಯಾಗಿ ಹೊಸ ನೀರು ಬಿಟ್ಟು, ಗಂಟೆಯಲ್ಲಿ ಬಕೆಟ್ಟಿನ ನೀರು ಎರಡು ಪಟ್ಟಾಗುವಂತೆ ಮಾಡಿ. ಪುಕ್ಕಲು ಮೀನು ಮೊದಲು, ಡ್ಯಾಮ್ಸೆಲ್‌ನಂಥ ಜಗಳಗಂಟಿ ಕೊನೆಗೆ. ಆ ರಾತ್ರಿ ಲೈಟ್ ಹಚ್ಚಬೇಡಿ.

10. ಕೈ ಕಟ್ಟಿಕೊಳ್ಳಿ.
ಎರಡು ವಾರ ದಿನಾ ಅಮೋನಿಯಾ, ನೈಟ್ರೈಟ್ ಪರೀಕ್ಷಿಸಿ. ಎರಡೂ ಸೊನ್ನೆ ಇರಬೇಕು. ಕಂಡರೆ ಡ್ರಮ್ಮಿನಲ್ಲಿಟ್ಟ ನೀರು ಹಾಕಿ ಬದಲಿಸಿ, ಅಷ್ಟೇ ನೀರು ಮತ್ತೆ ಕಲಸಿಡಿ. ಆಹಾರ ಅರ್ಧ ಮಾಡಿ. ಟ್ಯಾಂಕ್ ದೊಡ್ಡದಾಯಿತೆಂದು ಕೂಡಲೇ ಹೊಸ ಮೀನು ತರಬೇಡಿ. ಜಾಗ ಬೆಳೆದಿದೆ, ಬ್ಯಾಕ್ಟೀರಿಯಾ ಮೊದಲಿನಷ್ಟೇ ಇದೆ. ಒಂದು ತಿಂಗಳು ತಾಳಿ.

ಹಳೆ ಟ್ಯಾಂಕನ್ನೂ ಮಾರಬೇಡಿ. ಒಂದೆರಡು ತುಂಡು ಕಲ್ಲು ಬಿಟ್ಟು ನಡೆಸುತ್ತಿರಿ. ತಿಂಗಳಾದ ಮೇಲೆ ಬರುವ ಹೊಸ ಮೀನನ್ನು ಕೆಲವು ವಾರ ಅಲ್ಲೇ ಇಟ್ಟು, ರೋಗವಿಲ್ಲವೆಂದು ಖಾತ್ರಿಯಾದ ಮೇಲೆ ದೊಡ್ಡ ಮನೆಗೆ ಕರೆತರಬಹುದು. ಹೊಸ ಮನೆಯಲ್ಲಿ ಹಾಲು ಉಕ್ಕಿಸಿದ ದಿನವೇ ಹಳೆ ಮನೆಯ ಕೀಲಿಕೈ ಕೊಟ್ಟುಬಿಡುವವರು ಕಡಿಮೆ.