ಮನೆಗೂ ಮುಪ್ಪು ಬರುತ್ತದೆ

ಮಕ್ಕಳೇ, 2021ರ ಸೆಪ್ಟೆಂಬರ್ 27ರಂದು ಬೆಂಗಳೂರಿನ ಲಕ್ಕಸಂದ್ರದಲ್ಲಿ ಹಳೆಯ ಮೂರಂತಸ್ತಿನ ಕಟ್ಟಡವೊಂದು ಹಾಡಹಗಲೇ ಕುಸಿದು ಬಿತ್ತು. ಅಲ್ಲಿ ಮೆಟ್ರೊ ಕಾಮಗಾರಿಯ ಕೆಲಸಗಾರರು ವಾಸವಾಗಿದ್ದರು. ಒಳಗಿದ್ದವರು ಅಷ್ಟರಲ್ಲಿ ಹೊರಗೆ ಬಂದಿದ್ದರಿಂದ ಯಾರ ಪ್ರಾಣವೂ ಹೋಗಲಿಲ್ಲ. ಆದರೆ 2017ರ ಆಗಸ್ಟ್ 31ರಂದು ಮುಂಬೈಯ ಭೆಂಡಿ ಬಜಾರಿನಲ್ಲಿ ನೂರು ವರ್ಷ ದಾಟಿದ್ದ ಕಟ್ಟಡ ಬಿದ್ದಾಗ 30ಕ್ಕೂ ಹೆಚ್ಚು ಮಂದಿ ಸತ್ತರು.

ಮಣ್ಣಿನ ಗೋಡೆಗೆ ಮಳೆನೀರು ಶತ್ರು, ಮರದ ತೊಲೆಗೆ ಗೆದ್ದಲು. ಕಲ್ಲಿನಂತೆ ಗಟ್ಟಿಯಾದ ಕಾಂಕ್ರೀಟಿಗೆ ಶತ್ರು ಯಾರು?

ಕಾಂಕ್ರೀಟಿನ ಒಳಗೆ ಕಬ್ಬಿಣದ ಸರಳುಗಳಿರುತ್ತವೆ. ಹೊಸ ಕಾಂಕ್ರೀಟ್ ಪ್ರಬಲ ಪ್ರತ್ಯಾಮ್ಲೀಯ. ಅದರಲ್ಲಿ ಸುಣ್ಣದ ಅಂಶವಿದೆ. ಇಂಥ ಕಡೆ ಕಬ್ಬಿಣದ ಮೇಲೆ ತೆಳುವಾದ ರಕ್ಷಣಾ ಪೊರೆ ಉಂಟಾಗಿ ತುಕ್ಕು ಹಿಡಿಯುವುದಿಲ್ಲ. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಿದರೆ ಅದು ಹಾಲಿನಂತಾಗುವುದನ್ನು ನೀವು ತರಗತಿಯಲ್ಲಿ ನೋಡಿದ್ದೀರಲ್ಲವೇ? ಗೋಡೆಯೊಳಗೆ ನಡೆಯುವುದೂ ಅದೇ, ಬಹಳ ನಿಧಾನವಾಗಿ. ಗಾಳಿಯ ಇಂಗಾಲದ ಡೈಆಕ್ಸೈಡ್ ಸಣ್ಣ ರಂಧ್ರಗಳ ಮೂಲಕ ಒಳನುಗ್ಗಿ ಸುಣ್ಣದೊಡನೆ ವರ್ತಿಸಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಪ್ರತ್ಯಾಮ್ಲೀಯತೆ ಕುಗ್ಗುತ್ತದೆ, ಪೊರೆ ಹಾಳಾಗುತ್ತದೆ. ಇದಕ್ಕೆ ಹತ್ತಾರು ವರ್ಷ ಬೇಕು. ಆಮೇಲೆ ತಾರಸಿಯಿಂದಲೋ ಒಡೆದ ಕೊಳಾಯಿಯಿಂದಲೋ ನೀರು ಜಿನುಗಿದರೆ ತುಕ್ಕು ಶುರು!

ತುಕ್ಕು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಜಾಗವೆಲ್ಲಿದೆ? ಸರಳು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಆ ಬಿರುಕಿನಿಂದ ಇನ್ನಷ್ಟು ನೀರು ಇಳಿಯುತ್ತದೆ. ಚಾವಣಿಯಿಂದ ಚಕ್ಕೆ ಉದುರಿ ಕೆಂಪು ಸರಳು ಕಾಣುವುದು ಹೀಗೆ. ಮೇಲೆ ಬಣ್ಣ ಬಳಿದರೆ ಕಣ್ಣಿಗೆ ಚೆನ್ನಾಗಿ ಕಂಡೀತು, ರೋಗ ವಾಸಿಯಾಗದು.

ಎಂಜಿನಿಯರುಗಳು ವೈದ್ಯರಂತೆ ಕಟ್ಟಡವನ್ನು ಪರೀಕ್ಷಿಸುತ್ತಾರೆ. ಸುತ್ತಿಗೆಯಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಒಳಗೆ ಪದರ ಬಿಟ್ಟಿದೆ ಎಂದರ್ಥ. ಹೊಸದಾಗಿ ಒಡೆದ ಕಾಂಕ್ರೀಟಿಗೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದಾಗ ಗಾಢ ಗುಲಾಬಿ ಬಣ್ಣ ಬಂದ ಭಾಗದಲ್ಲಿ ಪ್ರತ್ಯಾಮ್ಲ ಉಳಿದಿದೆ. ಬಣ್ಣ ಬಾರದ ಭಾಗದಲ್ಲಿ ಕುಗ್ಗಿದೆ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸುವುದೂ ಉಂಟು. ಬಿರುಕು ಬೆಳೆದರೆ ಗಾಜು ಒಡೆಯುತ್ತದೆ. ಎಷ್ಟು ಸರಳ ಉಪಾಯ! ಮುಂಬೈಯಲ್ಲಿ 30 ವರ್ಷ ದಾಟಿದ ಕಟ್ಟಡಗಳಿಗೆ ಇಂಥ ತಪಾಸಣೆ ಕಡ್ಡಾಯ.

ಗಾರೆಯ ಮೇಲಿನ ಕೂದಲೆಳೆಯಂಥ ಬಿರುಕಿಗೆಲ್ಲ ಹೆದರಬೇಕಿಲ್ಲ. ಆದರೆ ಕಂಬ, ತೊಲೆಗಳಲ್ಲಿ ಉದ್ದುದ್ದ ಬಿರುಕು ಕಂಡರೆ, ಕಿಟಕಿಯ ಮೂಲೆಯಿಂದ ಓರೆಯಾಗಿ ಸಾಗಿದ ಬಿರುಕು ಅಗಲವಾಗುತ್ತಿದ್ದರೆ, ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾದರೆ ಕೂಡಲೇ ದೊಡ್ಡವರಿಗೆ ಹೇಳಿ. ನೀವಾಗಿ ತಟ್ಟಿ, ಕೆದಕಿ ನೋಡಬೇಡಿ.

ಮಾಡಿ ನೋಡಿ: ಎರಡು ಸೀಸೆಗಳಲ್ಲಿ ಒಂದೊಂದು ಹೊಸ ಕಬ್ಬಿಣದ ಮೊಳೆ ಹಾಕಿ. ಒಂದಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ಶಿಕ್ಷಕರು ತಯಾರಿಸಿ ಕೊಟ್ಟ ಸುಣ್ಣದ ತಿಳಿನೀರು ತುಂಬಿ ಬಿಗಿಯಾಗಿ ಮುಚ್ಚಿ. ಸುಣ್ಣದ ನೀರು ಕಣ್ಣಿಗೆ ತಾಗದಂತೆ ಎಚ್ಚರವಿರಲಿ. ವಾರದ ನಂತರ ಯಾವ ಮೊಳೆಗೆ ತುಕ್ಕು ಹಿಡಿದಿದೆ? ಸುಣ್ಣದ ನೀರಿನ ಸೀಸೆಯ ಮುಚ್ಚಳ ತೆರೆದೇ ಇಟ್ಟರೆ ಏನಾಗಬಹುದು?