ಗಾಳಿಯಿಂದ ತಣಿಯುವ ಎಂಜಿನಿನ ಪುನರ್ಜೋಡಣೆ

ಕಾದ ಹಾಲನ್ನು ಬೇಗನೆ ಆರಿಸಬೇಕಾದಾಗ ಮನೆಯಲ್ಲಿ ತಾಯಂದಿರು ಎರಡು ಉಪಾಯಗಳನ್ನು ಮಾಡುವುದುಂಟು. ಹಾಲಿನ ಪಾತ್ರೆಯನ್ನು ತಣ್ಣೀರಿನಲ್ಲಿ ಇರಿಸುವುದು ಒಂದು. ಹಾಲನ್ನು ಅಗಲವಾದ ಹರಿವಾಣಕ್ಕೆ ಸುರಿದು ಬೀಸಣಿಗೆಯಿಂದ ಗಾಳಿ ಹಾಕುವುದು ಮತ್ತೊಂದು. ಮೋಟಾರು ಗಾಡಿಯ ಎಂಜಿನನ್ನು ತಣಿಸುವುದಕ್ಕೂ ಇವೆರಡೇ ಮಾರ್ಗಗಳು. ಇಂದಿನ ಕಾರುಗಳೆಲ್ಲ ಬಹುಮಟ್ಟಿಗೆ ಮೊದಲನೆಯ ಮಾರ್ಗವನ್ನು ಹಿಡಿದಿವೆ. ಎರಡನೆಯದನ್ನು ಹಿಡಿದು ಲೋಕಪ್ರಸಿದ್ಧವಾದ ಒಂದು ಹಳೆಯ ಕಾರಿನ ಎಂಜಿನನ್ನು ಮನೆಯಂಗಳದಲ್ಲಿಯೇ ಬಿಚ್ಚಿ, ಸವೆದುದನ್ನು ಬದಲಿಸಿ, ಮರಳಿ ಜೋಡಿಸುವ ಕ್ರಮವನ್ನು ಈ ಪಾಠದಲ್ಲಿ ವಿವರಿಸಲು ಯತ್ನಿಸುವೆವು.

ದಾರಿಯ ಬದಿಯಲ್ಲಿ ನಿಲ್ಲಿಸಿದ ಮೋಟಾರು ಸೈಕಲಿನ ಸಿಲಿಂಡರನ್ನು ನೋಡಿದ ವಿದ್ಯಾರ್ಥಿಗಳಿಗೆ ಅದರ ಸುತ್ತಲೂ ಪುಸ್ತಕದ ಹಾಳೆಗಳಂತೆ ಸಾಲಾಗಿ ನಿಂತಿರುವ ಲೋಹದ ಏಣುಗಳು ಕಂಡಿರಬಹುದು. ಅವು ಅಲಂಕಾರಕ್ಕಾಗಿ ಇರುವುವಲ್ಲ. ಉಷ್ಣವು ಮೇಲ್ಮೈಯ ಮೂಲಕವೇ ಹೊರಹೋಗಬೇಕಷ್ಟೆ. ಮೇಲ್ಮೈ ಹೆಚ್ಚಿದಷ್ಟೂ ಹೊರಹೋಗುವ ಉಷ್ಣವೂ ಹೆಚ್ಚುವುದು. ಇಂಥ ಎಂಜಿನಿನಲ್ಲಿ ಪೆಟ್ರೋಲು ಸುಟ್ಟು ದೊರೆಯುವ ಶಕ್ತಿಯ ಮೂರನೆಯ ಒಂದು ಪಾಲಿಗಿಂತಲೂ ಕಡಮೆ ಭಾಗವೇ ಚಕ್ರವನ್ನು ತಿರುಗಿಸುವುದಕ್ಕೆ ಒದಗುವುದು. ಉಳಿದುದೆಲ್ಲ ಹೊಗೆಯೊಡನೆಯೂ ಲೋಹದ ಮೂಲಕವೂ ಬಿಸಿಯಾಗಿ ಹೊರಬೀಳಬೇಕು. ಬೀಳದಿದ್ದರೆ ಎಣ್ಣೆ ತೆಳುವಾಗಿ, ಪಿಸ್ಟನ್ನು ಹಿಗ್ಗಿ, ಸಿಲಿಂಡರಿನೊಳಗೆ ಕಚ್ಚಿಕೊಂಡು ನಿಂತುಬಿಡುವುದು.

ನಾವು ಆರಿಸಿಕೊಂಡಿರುವುದು ಜರ್ಮನಿಯ ಫೋಕ್ಸ್‌ವ್ಯಾಗನ್ ಕಾರು. ಅದರ ದುಂಡುಬೆನ್ನನ್ನು ನೋಡಿ ಜನರು ಅದನ್ನು 'ಬೀಟಲ್', ಎಂದರೆ ಜೀರುಂಡೆ, ಎಂದು ಕರೆದರು. ಫರ್ಡಿನಂಡ್ ಪೋರ್ಷೆಯವರ ಕಚೇರಿಯಲ್ಲಿ 1930ರ ದಶಕದಲ್ಲಿ ಇದು ರೂಪುಗೊಂಡಿತು. ಎಂಜಿನಿನ ರಚನೆ ಮುಖ್ಯವಾಗಿ ಫ್ರಾಂಟ್ಸ್ ರೈಮ್‌ಸ್ಪೀಸ್ ಎಂಬವರದು. ಯುದ್ಧದಲ್ಲಿ ಹಾನಿಗೊಂಡಿದ್ದ ವೋಲ್ಫ್ಸ್‌ಬುರ್ಗಿನ ಕಾರ್ಖಾನೆಯಲ್ಲಿ 1945ರಲ್ಲಿ ಮತ್ತೆ ಕೆಲಸವನ್ನು ಆರಂಭಿಸಿದವರು ಐವನ್ ಹರ್ಸ್ಟ್ ಎಂಬ ಬ್ರಿಟಿಷ್ ಸೇನಾಧಿಕಾರಿ. 1972ರಲ್ಲಿ ಈ ಕಾರು ತಯಾರಿಕೆಯ ಸಂಖ್ಯೆಯಲ್ಲಿ ಫೋರ್ಡ್ 'ಟಿ' ಮಾದರಿಯನ್ನು ಹಿಂದೆ ಹಾಕಿತು. ಕೊನೆಯ ಕಾರು ಮೆಕ್ಸಿಕೋ ದೇಶದ ಪುಯೆಬ್ಲಾದಲ್ಲಿ 2003ರ ಜುಲೈ 30ರಂದು ಹೊರಬಂದಿತು. ಆಗ ಒಟ್ಟು ಸಂಖ್ಯೆ 2,15,29,464 ಆಗಿದ್ದಿತು.

ಈ ಎಂಜಿನು ಗಾಡಿಯ ಹಿಂಬದಿಯಲ್ಲಿದೆ. ನಾಲ್ಕು ಸಿಲಿಂಡರುಗಳು, ಎಡಕ್ಕೆ ಎರಡು, ಬಲಕ್ಕೆ ಎರಡು, ಮಲಗಿದಂತೆ ಇವೆ. ಎದುರುಬದುರಾದ ಪಿಸ್ಟನ್ನುಗಳು ಮುಷ್ಟಿಯುದ್ಧ ಮಾಡುವವರ ಕೈಗಳಂತೆ ಹೊರಕ್ಕೂ ಒಳಕ್ಕೂ ಚಲಿಸುವುವು. ಮಧ್ಯದ ಪೆಟ್ಟಿಗೆ ಮೆಗ್ನೀಸಿಯಂ ಮಿಶ್ರಲೋಹದ್ದು. ಅದು ತೆಂಗಿನಕಾಯಿಯ ಹೋಳುಗಳಂತೆ ಎರಡು ಭಾಗವಾಗಿ ಬಿಚ್ಚಿಕೊಳ್ಳುವುದು. ಸಿಲಿಂಡರುಗಳು ಬೀಡುಕಬ್ಬಿಣದವು, ಅವುಗಳ ತಲೆಗಳು ಅಲ್ಯುಮಿನಿಯಮಿನವು. ಗಾಳಿಯನ್ನು ಬೀಸುವ ಪಂಖವು ವಿದ್ಯುತ್ತನ್ನು ಉತ್ಪಾದಿಸುವ ಜನರೇಟರಿನ ದಂಡದ ತುದಿಯಲ್ಲಿಯೇ ಕುಳಿತಿದೆ. ಒಂದೇ ಬೆಲ್ಟು ಎರಡನ್ನೂ ತಿರುಗಿಸುವುದು. ಆದ್ದರಿಂದ ಚಾಲಕನ ಮುಂದೆ ಜನರೇಟರಿನ ಕೆಂಪು ದೀಪ ಹೊತ್ತಿಕೊಂಡರೆ ಬೆಲ್ಟು ಹರಿದಿರಬಹುದು, ಗಾಳಿಯೂ ನಿಂತಿರಬಹುದು ಎಂದು ತಿಳಿದು ಕೂಡಲೇ ಗಾಡಿಯನ್ನು ನಿಲ್ಲಿಸಬೇಕು. ಇನ್ನೆರಡು ಮೈಲಿ ಹೋಗಿ ನೋಡೋಣವೆಂದವರು ಎಂಜಿನನ್ನು ಕಳೆದುಕೊಂಡಿದ್ದಾರೆ.

ಇದನ್ನು ಮನೆಯಲ್ಲಿಯೇ ಬಿಚ್ಚುವ ಧೈರ್ಯವನ್ನು ಸಾಮಾನ್ಯರಿಗೆ ಕೊಟ್ಟವರಲ್ಲಿ ಜಾನ್ ಮ್ಯೂರ್ ಪ್ರಮುಖರು. (ಅಮೆರಿಕದ ಕಾಡುಗಳನ್ನು ಕುರಿತು ಬರೆದ ಅದೇ ಹೆಸರಿನವರು ಬೇರೆ.) ಎಂಜಿನಿಯರಾಗಿದ್ದ ಇವರು 1969ರಲ್ಲಿ, ಸ್ಪಾನರನ್ನೇ ಹಿಡಿಯದವರಿಗಾಗಿ, ಈ ಕಾರಿನ ದುರಸ್ತಿಯ ಪುಸ್ತಕವೊಂದನ್ನು ಬರೆದರು. ಪೀಟರ್ ಆಷ್ವಾಂಡೆನ್ ಅವರ ಚಿತ್ರಗಳೊಡನೆ ಅದು ಬಹುಕಾಲ ಓದುಗರ ಕೈಯಲ್ಲಿ ಎಣ್ಣೆಯ ಕಲೆಗಳನ್ನು ಹೊತ್ತು ಬಾಳಿತು.

ಎಂಜಿನನ್ನು ಹೊರತೆಗೆಯುವುದು ಆಶ್ಚರ್ಯಕರವಾಗಿ ಸುಲಭ. ಬ್ಯಾಟರಿಯ ತಂತಿಯನ್ನೂ ಪೆಟ್ರೋಲಿನ ಕೊಳವೆಯನ್ನೂ ಉಳಿದ ಕೆಲವು ಕೇಬಲುಗಳನ್ನೂ ಬಿಡಿಸಿದ ಮೇಲೆ ಅದನ್ನು ಹಿಡಿದಿರುವುವು ನಾಲ್ಕೇ ಬೋಲ್ಟುಗಳು. ಆದರೆ ಅದರ ತೂಕ ಸುಮಾರು 110 ಕಿಲೋಗ್ರಾಂ. ಪೋಷಕರು ಇಲ್ಲಿ ಒಂದು ಮಾತನ್ನು ಗಮನಿಸಬೇಕು: ಗಾಡಿಯನ್ನು ಎತ್ತಿದ ಮೇಲೆ ಜಾಕನ್ನೊಂದನ್ನೇ ನಂಬಿ ಕೆಳಗೆ ನುಸುಳಬಾರದು, ಇಟ್ಟಿಗೆಗಳ ಆಧಾರವಂತೂ ಕೂಡದು, ಅವು ಮುನ್ಸೂಚನೆಯಿಲ್ಲದೆ ಪುಡಿಯಾಗುವುವು. ದೃಢವಾದ ಉಕ್ಕಿನ ಆಧಾರಗಳೇ ಬೇಕು. ಪೆಟ್ರೋಲಿನ ಆವಿಯಿರುವಲ್ಲಿ ದೀಪ, ಬೀಡಿ, ಒಲೆ ಯಾವುದೂ ಸಲ್ಲದು.

ಬಿಚ್ಚುವುದು ಎಲ್ಲರಿಗೂ ಬರುವುದು. ನಾವು ಬಾಲಕರಾಗಿದ್ದಾಗ ಮನೆಯ ಅಲಾರಂ ಗಡಿಯಾರವನ್ನು ಅರ್ಧ ಗಂಟೆಯಲ್ಲಿ ಬಿಚ್ಚಿದೆವು. ಮರಳಿ ಜೋಡಿಸಿದಾಗ ಎರಡು ತಿರುಪುಗಳೂ ಒಂದು ಹಲ್ಲುಚಕ್ರವೂ ಮಿಕ್ಕಿದ್ದುವು, ಗಡಿಯಾರವು ಮಾತ್ರ ನಡೆಯಲಿಲ್ಲ. ತೆಗೆದ ಪ್ರತಿಯೊಂದು ಭಾಗವನ್ನೂ ಡಬ್ಬಿಗಳಲ್ಲಿರಿಸಿ, ಎಲ್ಲಿಯದು, ಯಾವ ದಿಕ್ಕಿಗಿದ್ದಿತು ಎಂದು ಚೀಟಿ ಬರೆದು ಅಂಟಿಸಬೇಕೆಂಬುದನ್ನು ಆಗ ಯಾರೂ ನಮಗೆ ಹೇಳಿರಲಿಲ್ಲ. ಕರಾವಳಿಯ ಹವೆಯಲ್ಲಿ ಇನ್ನೊಂದು ಜಾಗ್ರತೆಯೂ ಬೇಕು; ತೊಳೆದ ಕಬ್ಬಿಣದ ಭಾಗಗಳಿಗೆ ಅಂದೇ ಎಣ್ಣೆ ಸವರದಿದ್ದರೆ ಬಹುಬೇಗ ತುಕ್ಕು ಏರುವುದು.

ಪೆಟ್ಟಿಗೆಯ ಲೋಹ ಮೆಗ್ನೀಸಿಯಮಿನದೆಂದು ಹೇಳಿದೆವು. ಪ್ರಯೋಗಶಾಲೆಯಲ್ಲಿ ಮೆಗ್ನೀಸಿಯಂ ಪಟ್ಟಿ ಕಣ್ಣು ಕೋರೈಸುವ ಬಿಳಿಯ ಬೆಳಕಿನಿಂದ ಉರಿದುದನ್ನು ವಿದ್ಯಾರ್ಥಿಗಳು ಮರೆತಿರಲಾರರು. ಇಡೀ ಪೆಟ್ಟಿಗೆಗೆ ಸುಲಭವಾಗಿ ಬೆಂಕಿ ಹತ್ತದು. ಆದರೆ ಅರದಿಂದ ಉದುರಿದ ಪುಡಿ ಹೊತ್ತಿಕೊಳ್ಳಬಹುದು. ಹೊತ್ತಿದರೆ ನೀರೆರೆಯಬಾರದು, ನೀರಿನಿಂದ ಉರಿ ಹೆಚ್ಚುವುದು. ಒಣಮರಳನ್ನೇ ಸುರಿಯಬೇಕು.

ತೊಳೆದಾದ ಮೇಲೆ ಅಳೆಯುವ ಕೆಲಸ. ಕಣ್ಣಿಗೆ ಹೊಸದರಂತೆ ಕಾಣುವ ಭಾಗವು ಅಳತೆಯಲ್ಲಿ ಸತ್ತಿರಬಹುದು. ಪಿಸ್ಟನ್ನಿನ ಮೇಲಿನ ಉಂಗುರವನ್ನು ಸಿಲಿಂಡರಿನೊಳಗೆ ಇರಿಸಿ ಅದರ ಸೀಳಿನ ಅಗಲವನ್ನು ಫೀಲರ್ ಗೇಜಿನಿಂದ ನೋಡಿದರೆ ಹೊಸದರಲ್ಲಿ 0.30ರಿಂದ 0.45 ಮಿಲಿಮೀಟರ್ ಇರಬೇಕು, 0.90ರಷ್ಟಾಗಿದ್ದರೆ ಅದರ ಆಯುಸ್ಸು ಮುಗಿಯಿತು. ಮೂರನೆಯ ಸಿಲಿಂಡರಿನ ಭಾಗಗಳನ್ನು ವಿಶೇಷವಾಗಿ ಪರೀಕ್ಷಿಸಬೇಕು. ಹಳೆಯ ಮಾದರಿಗಳಲ್ಲಿ ಎಣ್ಣೆಯನ್ನು ತಣಿಸುವ ಉಪಕರಣವು ಪಂಖದ ಗೂಡಿನೊಳಗೇ ನಿಂತು ಆ ಸಿಲಿಂಡರಿಗೆ ಹೋಗುವ ಗಾಳಿಯನ್ನು ತಡೆಯುವುದರಿಂದ ಅದು ಉಳಿದವುಗಳಿಗಿಂತ ಹೆಚ್ಚು ಕಾಯುವುದು. ಅದರ ಹೊಗೆವಾಲ್ವಿನ ತಲೆ ಮುರಿದು ಪಿಸ್ಟನ್ನಿನ ಮೇಲೆ ಬಿದ್ದು ಎಂಜಿನು ನಾಶವಾದ ನಿದರ್ಶನಗಳು ಹಲವು. ಹಳೆಯ ಹೊಗೆವಾಲ್ವು ಎಷ್ಟೇ ಚೆನ್ನಾಗಿ ಕಂಡರೂ ಅದನ್ನು ಮತ್ತೆ ಹಾಕುವುದು ಮಿತವ್ಯಯವಲ್ಲವೆಂದೇ ನಮ್ಮ ಅಭಿಪ್ರಾಯ.

ಇನ್ನು ಪೆಟ್ಟಿಗೆಯನ್ನು ಮುಚ್ಚುವ ಘಟ್ಟ. ಇದುವರೆಗೆ ಮಾಡಿದ ತಪ್ಪನ್ನು ತಿದ್ದಬಹುದಾಗಿದ್ದಿತು. ಎರಡು ಹೋಳುಗಳು ಕೂಡಿದ ಮೇಲೆ ತಪ್ಪು ಒಳಗೇ ಉಳಿಯುವುದು. ಎಡಹೋಳಿನಲ್ಲಿ ಮೊದಲು ಕ್ರ್ಯಾಂಕ್ ಶಾಫ್ಟನ್ನು ಅದರ ನಾಲ್ಕು ಬೇರಿಂಗುಗಳೊಡನೆ ಮಲಗಿಸುವರು. ಬೇರಿಂಗುಗಳು ತಿರುಗದಂತೆ ಪೆಟ್ಟಿಗೆಯಲ್ಲಿ ಸಣ್ಣ ಮೊಳೆಗಳಿವೆ. ಪ್ರತಿ ಬೇರಿಂಗಿನ ತೂತೂ ತನ್ನ ಮೊಳೆಯ ಮೇಲೆ ಸರಿಯಾಗಿ ಕೂರಬೇಕು. ಕೂರದೆ ಬಿಗಿದರೆ ಬೇರಿಂಗು ಜಜ್ಜಿಹೋಗುವುದು, ಶಾಫ್ಟು ಹಿಡಿದುಕೊಳ್ಳುವುದು. ಮೊಳೆ ಕಣ್ಣಿಗೆ ಕಾಣದು. ಬೆರಳಿನಿಂದ ಬೇರಿಂಗನ್ನು ಮೆಲ್ಲನೆ ಆಡಿಸಿ, ಅದು ಕೂತ ಸದ್ದನ್ನೂ ಅಲುಗದಿರುವುದನ್ನೂ ಗುರುತಿಸಬೇಕು. ಬಳಿಕ ವಾಲ್ವುಗಳನ್ನು ನಡೆಸುವ ಕ್ಯಾಮ್ ಶಾಫ್ಟು. ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಇದು ಒಂದು ಸುತ್ತು ತಿರುಗುವುದು. ಕ್ರ್ಯಾಂಕಿನ ಹಲ್ಲುಚಕ್ರದಲ್ಲಿ ಎರಡು ಚುಕ್ಕೆಗಳಿವೆ, ಕ್ಯಾಮಿನ ಚಕ್ರದಲ್ಲಿ ಒಂದು. ಆ ಒಂದು ಚುಕ್ಕೆ ಈ ಎರಡರ ನಡುವೆ ಬರಬೇಕು. ಒಂದು ಹಲ್ಲು ತಪ್ಪಿದರೂ ವಾಲ್ವುಗಳು ಹೊತ್ತಲ್ಲದ ಹೊತ್ತಿಗೆ ತೆರೆಯುವುವು.

ಹೋಳುಗಳ ನಡುವೆ ಕಾಗದದ ಪದರವಿಲ್ಲ. ತೆಳುವಾಗಿ ಬಳಿದ ಅಂಟು ಮಾತ್ರ. ಬಲಹೋಳಿನ ಟ್ಯಾಪೆಟ್ಟುಗಳು ಮಗುಚುವಾಗ ಬೀಳದಂತೆ ಗ್ರೀಸು ಸವರಿ ನಿಲ್ಲಿಸಿ, ಒಂದರ ಮೇಲೊಂದನ್ನು ಇಳಿಸಬೇಕು. ಆರು ದೊಡ್ಡ ನಟ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿಯುತ್ತ, ಪ್ರತಿಸಲವೂ ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡಬೇಕು. ಎಲ್ಲಿಯಾದರೂ ಬಿಗಿಯಾಯಿತೇ? ಬೇಸರಿಸದೆ ಮತ್ತೆ ಬಿಚ್ಚಬೇಕು. ಸಂಜೆಯಾಯಿತು, ಊಟಕ್ಕೆ ಕರೆ ಬಂದಿತು, ನಾಲ್ಕು ದಿನದ ಕೆಲಸ ಮುಗಿಯುತ್ತ ಬಂದಿತು; ಓಡುತ್ತ ಓಡುತ್ತ ಸರಿಯಾದೀತು ಎಂದು ಮನಸ್ಸು ಹೇಳುವುದು. ಅದು ಸರಿಯಾಗದು.

ಫ್ಲೈವೀಲನ್ನು ಕೂಡಿಸುವಾಗ ಶಾಫ್ಟಿಗೆ ಹಿಂದುಮುಂದಾಗಿ ಜರುಗಲು 0.07ರಿಂದ 0.13 ಮಿಲಿಮೀಟರ್ ಎಡೆಯನ್ನು ಬಿಡಬೇಕು. ಅದು ಹೆಚ್ಚುಕಡಮೆ ಒಂದು ತಲೆಗೂದಲಿನ ದಪ್ಪ. ಬೇರೆಬೇರೆ ದಪ್ಪದ ಮೂರು ತೆಳುಬಿಲ್ಲೆಗಳನ್ನು ಆರಿಸಿ ಇದನ್ನು ಸಾಧಿಸುವರು. ಫ್ಲೈವೀಲಿನ ನಡುವಿನ ದೊಡ್ಡ ನಟ್ಟಿಗೆ ಬೇಕಾದ ಬಿಗಿ 30 ಕಿಲೋಗ್ರಾಂ-ಮೀಟರ್. ಇದಕ್ಕೆ ಯಂತ್ರವೇ ಬೇಕೆಂದಿಲ್ಲ. ಸನ್ನೆಯ ಪಾಠ ಸಾಕು. ಚಕ್ರ ತಿರುಗದಂತೆ ಭದ್ರಪಡಿಸಿ, ಮಟ್ಟವಾಗಿ ಹಿಡಿದ ಸನ್ನೆಯ ಅರ್ಧ ಮೀಟರ್ ದೂರದಲ್ಲಿ 60 ಕಿಲೋಗ್ರಾಂ ತೂಕದ ಮನುಷ್ಯನು ತನ್ನ ಪೂರ್ಣಭಾರವನ್ನು ಹಾಕಿದರೆ 60ನ್ನು ಅರ್ಧದಿಂದ ಗುಣಿಸಿ 30 ಆಯಿತು. 40 ಕಿಲೋಗ್ರಾಂ ತೂಗುವ ಹುಡುಗನು ಎಷ್ಟು ದೂರದಲ್ಲಿ ಭಾರ ಹಾಕಬೇಕೆಂಬುದನ್ನು ಒಂಬತ್ತನೆಯ ತರಗತಿಯವರು ತಾವೇ ಲೆಕ್ಕ ಹಾಕಲಿ.

ಪಿಸ್ಟನ್ನಿನ ತಲೆಯ ಮೇಲಿನ ಬಾಣವು ಫ್ಲೈವೀಲಿನ ಕಡೆಗಿರಬೇಕು. ಉಂಗುರಗಳ ಸೀಳುಗಳು ಒಂದೇ ಸಾಲಿನಲ್ಲಿ ಬರಬಾರದು. ತಲೆಯ ನಟ್ಟುಗಳನ್ನು ಒಂದು ಕಡೆಯಿಂದ ಸಾಲಾಗಿ ಬಿಗಿಯದೆ ಗೊತ್ತಾದ ಅನುಕ್ರಮದಲ್ಲಿ ಬಿಗಿಯಬೇಕು. ಕೊನೆಗೆ ತಗಡುಗಳು. ಹಲವರು ಈ ತಗಡುಗಳನ್ನು ಬರಿಯ ಮುಚ್ಚಳಗಳೆಂದು ಭಾವಿಸಿ ಒಂದೆರಡನ್ನು ಮೂಲೆಗೆಸೆಯುವರು. ಗಾಳಿಯನ್ನು ಏಣುಗಳ ನಡುವೆ ಹಾಯಿಸುವ ಕಾಲುವೆಗಳೇ ಅವು. ಒಡ್ಡಿಲ್ಲದ ಗದ್ದೆಯಲ್ಲಿ ನೀರು ನಿಲ್ಲದಂತೆ, ತಗಡಿಲ್ಲದ ಎಂಜಿನಿನಲ್ಲಿ ಗಾಳಿ ಎತ್ತಲೋ ಹೋಗುವುದು.

ಎರಡೂವರೆ ಲೀಟರು ಎಣ್ಣೆ ಹಾಕಿದ ಮೇಲೆಯೂ ಕೂಡಲೇ ಚಾಲೂ ಮಾಡಬಾರದು. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದಿರಿಸಿ, ಎಣ್ಣೆಯ ಒತ್ತಡದ ದೀಪ ಆರುವವರೆಗೆ ಸ್ಟಾರ್ಟರಿನಿಂದ ತಿರುಗಿಸಬೇಕು. ಒಣಗಿದ ಬೇರಿಂಗುಗಳಿಗೆ ಎಣ್ಣೆ ತಲುಪಿತೆಂದು ಆಗ ತಿಳಿಯುವುದು. ಬಳಿಕ ಪ್ಲಗ್ಗುಗಳನ್ನು ಹಾಕಿ, ತಂತಿಗಳನ್ನು 1-4-3-2 ಎಂಬ ಕ್ರಮದಲ್ಲಿ ಕೂಡಿಸಿ ಕೀಲಿಯನ್ನು ತಿರುಗಿಸಬಹುದು. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಎಂಜಿನು ಪೂರ್ಣವಾಗಿ ತಣಿದಿರುವಾಗ ವಾಲ್ವುಗಳ ಎಡೆಯನ್ನು ಮತ್ತೆ ನೋಡಬೇಕು. 1600ರ ಮಾದರಿಗೆ ಅದು 0.15 ಮಿಲಿಮೀಟರ್. ಅಂದೇ ಎಣ್ಣೆಯನ್ನೂ ಇಳಿಸಿ, ತಳದ ತಂತಿಜಾಲರಿಯನ್ನು ಬಿಚ್ಚಿ, ಬಿಳಿಯ ಬಟ್ಟೆಯ ಮೇಲೆ ಒರಸಿ ಬಿಸಿಲಿಗೆ ಹಿಡಿಯಬೇಕು. ನುಣ್ಣನೆಯ ಬೂದುಬಣ್ಣದ ಮಸಿ ಮಾತ್ರ ಕಂಡರೆ ಉಂಗುರಗಳು ಹೊಂದಿಕೊಳ್ಳುತ್ತಿವೆ ಎಂದರ್ಥ. ಹೊಳೆಯುವ ಲೋಹದ ಚೂರುಗಳು ಕಂಡರೆ ಅಂದೇ ಗಾಡಿಯನ್ನು ನಿಲ್ಲಿಸಿ ಪೆಟ್ಟಿಗೆಯನ್ನು ಮತ್ತೆ ಬಿಚ್ಚಬೇಕು.