ಉಪ್ಪಿನೊಳಗಣ ಸೋಡಿಯಮ್ ಏಕೆ ಸಿಡಿಯುವುದಿಲ್ಲ?

ಸೋಡಿಯಮ್ ಲೋಹದ ಚಿಕ್ಕ ತುಂಡೊಂದನ್ನು ನೀರಿಗೆ ಹಾಕಿದರೆ ಅದು ಭುಸುಗುಟ್ಟುತ್ತ ನೀರಿನ ಮೇಲೆ ಅತ್ತಿತ್ತ ಓಡಾಡಿ, ಕೆಲವು ವೇಳೆ ಹೊತ್ತಿಕೊಂಡು ಸಿಡಿಯುವುದು. ಕ್ಲೋರಿನ್ ಎಂಬುದಾದರೋ ಹಳದಿ ಬೆರೆತ ಹಸುರು ಬಣ್ಣದ ವಿಷಾನಿಲ. 1915ರಲ್ಲಿ ಬೆಲ್ಜಿಯಮ್ ದೇಶದ ಈಪರ್ ಪಟ್ಟಣದ ಬಳಿ ಯುದ್ಧದಲ್ಲಿ ಇದನ್ನು ಸೈನಿಕರ ಮೇಲೆ ಪ್ರಯೋಗಿಸಿದರು. ಇವೆರಡೂ ಕೂಡಿ ಆದುದೇ ನಾವು ದಿನವೂ ಸಾರಿಗೆ ಹಾಕುವ ಉಪ್ಪು. ಹೀಗಿರಲು, "ಅಮ್ಮನವರೇ, ಉಪ್ಪು ನೀರಿನಲ್ಲಿ ಕರಗಿದಾಗ ಅದರೊಳಗಿನ ಸೋಡಿಯಮ್ ಸಿಡಿಯುವುದಿಲ್ಲವೇಕೆ?" ಎಂದು ವಿದ್ಯಾರ್ಥಿನಿಯು ಕೇಳಿದರೆ, ಅದನ್ನು ಬಾಲಿಶವಾದ ಪ್ರಶ್ನೆಯೆಂದು ತಳ್ಳಲಾಗದು.

ಏಕೆಂದರೆ ಪಂಡಿತರೂ ಇದನ್ನೇ ಕೇಳಿದ್ದರು. ಉಪ್ಪು ನೀರಿನಲ್ಲಿ ಕರಗುವಾಗ ವಿದ್ಯುದಂಶವುಳ್ಳ ಕಣಗಳಾಗಿ ಬೇರ್ಪಡುವುದೆಂದು ಸ್ವೀಡನ್ ದೇಶದ ಸ್ವಾಂಟೆ ಅರ್ಹೇನಿಯಸ್ 1887ರಲ್ಲಿ ಪ್ರತಿಪಾದಿಸಿದಾಗ ಅನೇಕರು ನಂಬಲಿಲ್ಲ. ಇದಕ್ಕೆ ಮುಂಚೆ, 1884ರಲ್ಲಿ, ದ್ರಾವಣಗಳ ವಿದ್ಯುದ್ವಹನದ ಮೇಲೆ ಆತನು ಬರೆದ ಪ್ರಬಂಧಕ್ಕೆ ಕೆಳದರ್ಜೆಯೇ ದೊರೆತಿತ್ತು. ಅದೇ ಕಾರ್ಯಕ್ಕಾಗಿ 1903ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು. ಆ ಕಣಗಳಿಗೆ ಅಯಾನುಗಳೆಂದು ಹೆಸರು. ಗ್ರೀಕ್ ಭಾಷೆಯಲ್ಲಿ ಸಂಚರಿಸುವುದೆಂಬ ಅರ್ಥವುಳ್ಳ ಈ ಪದವನ್ನು 1834ರಲ್ಲಿ ಬಳಕೆಗೆ ತಂದವನು ಮೈಕೇಲ್ ಫ್ಯಾರಡೆ.

ಅಯಾನು ಆಗುವ ಬಗೆಯನ್ನು ಈಗ ನೋಡೋಣ. ಸೋಡಿಯಮ್ ಪರಮಾಣುವಿನ ಬೀಜದಲ್ಲಿ 11 ಧನ ವಿದ್ಯುದಂಶಗಳೂ, ಅದರ ಸುತ್ತಲಿನ ಕವಚಗಳಲ್ಲಿ ಕ್ರಮವಾಗಿ 2, 8, 1 ರಂತೆ 11 ಎಲೆಕ್ಟ್ರಾನುಗಳೂ ಇರುತ್ತವೆ. ಒಳಗಿನ ಹತ್ತು ಎಲೆಕ್ಟ್ರಾನುಗಳು ಅಡ್ಡವಾಗಿರುವುದರಿಂದ ಹೊರಗಿನ ಒಂದರ ಮೇಲೆ ಬೀಜದ ಹಿಡಿತವು ಸಡಿಲ. ಕ್ಲೋರಿನ್‌ಗೆ 17 ಎಲೆಕ್ಟ್ರಾನುಗಳು: 2, 8, 7; ಹೊರಕವಚದಲ್ಲಿ ಎಂಟಕ್ಕೆ ಒಂದು ಕಡಮೆ. ಸೋಡಿಯಮ್‌ನ ಒಂಟಿ ಎಲೆಕ್ಟ್ರಾನು ಅಲ್ಲಿಗೆ ಸೇರಿದರೆ ಸೋಡಿಯಮ್ ಒಂದು ಧನಾಂಶವುಳ್ಳ ಅಯಾನೂ, ಕ್ಲೋರಿನ್ ಒಂದು ಋಣಾಂಶವುಳ್ಳ ಅಯಾನೂ ಆಗುವುವು.

ನೀರಿನಲ್ಲಿ ಲೋಹವು ಭುಸುಗುಟ್ಟುವುದು ಆ ಒಂದು ಎಲೆಕ್ಟ್ರಾನು ನೀರಿಗೆ ವರ್ಗವಾಗಿ ಹೈಡ್ರೊಜನ್ ಹೊರಡುವುದರಿಂದ. ಉಪ್ಪಿನೊಳಗಿನ ಸೋಡಿಯಮ್ ಅದನ್ನು ಮೊದಲೇ ಕಳೆದುಕೊಂಡಿದೆ; ಕೊಡಲು ಅದರಲ್ಲಿ ಬೇರೇನೂ ಉಳಿದಿಲ್ಲ. ಕ್ಲೋರಿನ್ ಅನಿಲವು ಶ್ವಾಸಕೋಶವನ್ನು ಸುಡುವುದು ಎಲೆಕ್ಟ್ರಾನುಗಳನ್ನು ಸೆಳೆದುಕೊಳ್ಳುವುದರಿಂದ. ಉಪ್ಪಿನಲ್ಲಿ ಅದರ ಕೊರತೆಯು ತುಂಬಿದೆ.

ಸೋಡಿಯಮ್ ತನ್ನ ಎಲೆಕ್ಟ್ರಾನನ್ನು ಇಷ್ಟಪಟ್ಟು ಕೊಡುವುದೆಂದು ಕೆಲವರು ಬರೆಯುವುದುಂಟು. ಅದು ಸರಿಯಲ್ಲ. ಅನಿಲರೂಪದ 23 ಗ್ರಾಂ ಸೋಡಿಯಮ್ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಬಿಡಿಸಲು 496 ಕಿಲೊಜೌಲ್ ಶಕ್ತಿ ಬೇಕು. 35.5 ಗ್ರಾಂ ಕ್ಲೋರಿನ್ ಪರಮಾಣುಗಳು ಅವನ್ನು ಪಡೆದಾಗ 349 ಮಾತ್ರ ದೊರೆಯುವುದು. ಲೆಕ್ಕದಲ್ಲಿ 147 ಕೊರತೆ! ಆದರೆ ಧನ, ಋಣ ಅಯಾನುಗಳು ಒಂದನ್ನೊಂದು ಆಕರ್ಷಿಸಿ ಹರಳಾಗಿ ಕೂಡಿದಾಗ 787 ಕಿಲೊಜೌಲ್ ಹೊರಬರುವುದು. ಕೊರತೆಯನ್ನು ತುಂಬುವುದು ಇದೇ.

ಆದುದರಿಂದ ಉಪ್ಪುನೀರಿನಲ್ಲಿ "ಸೋಡಿಯಮ್ ಇದೆ" ಎಂದು ಬರೆಯದೆ "ಸೋಡಿಯಮ್ ಅಯಾನು ಇದೆ" ಎಂದೇ ಬರೆಯತಕ್ಕದ್ದು. ಇನ್ನು, ಮೆಗ್ನೀಸಿಯಮ್‌ನ ಎಲೆಕ್ಟ್ರಾನುಗಳು 2, 8, 2 ರಂತೆ ಇವೆ. ಅದರ ಅಯಾನಿನಲ್ಲಿ ಎಷ್ಟು ಧನಾಂಶಗಳಿರುವುವು, ಅದಕ್ಕೆ ಎಷ್ಟು ಕ್ಲೋರಿನ್ ಅಯಾನುಗಳು ಬೇಕಾಗುವುವು ಎಂಬುದನ್ನು ವಿದ್ಯಾರ್ಥಿನಿಯರು ತಾವಾಗಿಯೇ ಯೋಚಿಸಿ ನೋಡಲಿ.